ಕೋಲು ಕಳಚಿದರೇ ಮೀನು ಕೈಗೆ!
ಹೊನ್ನಾಳಿ ಹತ್ತಿರ ತುಂಗಭದ್ರೆಯ ಮಡುವಿನಲ್ಲಿ ಮುಳುಗಿ, ಬಾಳೆಮೀನಿಗೆ ಈಟಿ ಚುಚ್ಚಿದ್ದೆ. ಅದು ಒದ್ದಾಡಿದಾಗ ಉದ್ದನೆಯ ಕೋಲು ಹಾರೆಯಂತೆ ಮೀಟಿ, ಗಾಯ ಹಿಗ್ಗಿ, ಮುಳ್ಳು ಕಿತ್ತುಬಂತು. "ಹಿಡೀಲೂ ಇಲ್ಲ, ಉಳಿಸಲೂ ಇಲ್ಲ ನೋಡೋ," ಅಂದ್ರು ದೊಡ್ಡಪ್ಪ. ಆ ಮಾತು ನನಗೂ ಚುಚ್ತು.

ಪರಿಹಾರ ಹಳೇದೇ. ಆರ್ಕ್ಟಿಕ್‌ನ ಇನ್ಯೂಟ್ ಬೇಟೆಗಾರರ ಈಟಿ ತುದಿ ಕೋಲಿನಿಂದ ಕಳಚುತ್ತೆ, ಹಗ್ಗ ಮಾತ್ರ ಹಿಡಿದಿರುತ್ತೆ. 1848ರಲ್ಲಿ ಅಮೆರಿಕದ ಕಮ್ಮಾರ ಲೂಯಿಸ್ ಟೆಂಪಲ್ ತಿಮಿಂಗಿಲ ಬೇಟೆಗೆ ಅಡ್ಡ ತಿರುಗುವ ಕಬ್ಬಿಣದ ತುದಿ ಮಾಡಿದ.

ನಮ್ಮೂರ ಕುಲುಮೆಯಲ್ಲೂ ಒಂದು ಮಾಡಿಸಿದೆ. ಹಗ್ಗದ ತೂತು ತುದಿಯ ನಡುವೆ ಇರಬೇಕು. ಎಳೆದಾಗ ಅದು ಗುಂಡಿಯಂತೆ ಒಳಗೇ ಅಡ್ಡ ನಿಲ್ಲುತ್ತೆ. ಕೋಲಿಗೆ ಬಿಗಿಯಾಗಿ ಕೂತರೆ ಕಳಚಲ್ಲ, ಸಡಿಲವಾದರೆ ಚುಚ್ಚೋ ಮೊದಲೇ ಉದುರುತ್ತೆ. ಮೂರು ಸಲ ಅರ ಹಾಕಿ ಉಜ್ಜಿದ್ವಿ.

ಈಗ ದೊಡ್ಡಪ್ಪ ತುದಿ ಪರೀಕ್ಷೆ ಮಾಡದೆ ನನ್ನನ್ನ ನೀರಿಗಿಳಿಯೋಕೆ ಬಿಡಲ್ಲ.