ಮಹಾವೀರಾಚಾರ್ಯನ ಸಂಖ್ಯಾಹಾರ

ನೃಪತುಂಗನೆಂದೊಡನೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’. ಆ ರಾಷ್ಟ್ರಕೂಟ ಚಕ್ರವರ್ತಿಯ ಕಾಲದಲ್ಲಿಯೇ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರ ಗುಣಾಕಾರ ಪ್ರಕರಣದಲ್ಲಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳು ಕೆಲವಿವೆ. ಆಚಾರ್ಯನು ಇಂಥವನ್ನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. ಅವುಗಳಲ್ಲೊಂದು:

27994681 × 441 = 12345654321

ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯ ಮರ್ಮವೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111. ಆದುದರಿಂದ ನಮ್ಮ ಸಂಖ್ಯೆಯು 111111ರ ವರ್ಗವೇ ಸರಿ. ಈ ಗುಣಾಕಾರವನ್ನು ಹಲಗೆಯ ಮೇಲೆ ಬಿಡಿಸಿದರೆ, 111111 ಎಂಬ ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತವೆ. ಕಂಬಸಾಲುಗಳ ಮೊತ್ತವು ಆರರವರೆಗೆ ಏರಿ ಇಳಿಯುವುದು ಸಹಜವೇ ಆಗಿದೆ.

ಹಾಗಾದರೆ ಒಂದುಗಳನ್ನು ಎಷ್ಟು ಬೇಕಾದರೂ ಹೆಚ್ಚಿಸಬಹುದೇ? ಒಂಬತ್ತರವರೆಗೆ ಹಾರ ಕೆಡದು. ಹತ್ತು ಒಂದುಗಳಾದರೆ ನಡುವಣ ಕಂಬಸಾಲಿನ ಮೊತ್ತ ಹತ್ತಾಗಿ ದಶಕ ಏರುತ್ತದೆ. ಉತ್ತರ 1234567900987654321, ಹಾರ ಹರಿಯಿತು!

ಅಧ್ಯಾಪಕ ಬಂಧುಗಳು ಗಮನಿಸಬೇಕಾದುದು ಇದನ್ನೇ. ಒಂಬತ್ತು ಉದಾಹರಣೆಗಳು ಹೊಂದಿದ ಮಾತ್ರಕ್ಕೆ ನಿಯಮ ಸಿದ್ಧವಾಗದು. ಕಾರಣವನ್ನು ಬಲ್ಲವನು ಮಾತ್ರ ಅದರ ಎಲ್ಲೆಯನ್ನೂ ಬಲ್ಲನು. ಗಡಿನಾಡಿನ ಕನ್ನಡ ಮಕ್ಕಳು ಲೆಕ್ಕವನ್ನು ಬಾಯಿಪಾಠದಿಂದಲ್ಲ, ತಮ್ಮ ನುಡಿಯಲ್ಲಿ ‘ಏಕೆ?’ ಎಂದು ಕೇಳಿ ಕಲಿಯಬೇಕು. ಅಡೂರಿನಂಥ ಹಳ್ಳಿಯ ಶಾಲೆಯಲ್ಲಿಯೂ ಇದಕ್ಕೆ ಒಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕು.