ಅಂಬಾಸಡರ್ ಹೊಟ್ಟೆಯ ಗುಟ್ಟು

ನಮ್ಮ ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರ ಷೆಡ್ಡಿನಲ್ಲಿ ಒಂದು ಹಳೆಯ ಅಂಬಾಸಡರ್ ಇದೆ. 1958ರಲ್ಲಿ ಅವರ ತಂದೆ ಕೊಂಡದ್ದು. ಹೋದ ತಿಂಗಳು ಕಾರು ನೋಡಲು ಬಂದವರೊಬ್ಬರು, "ಎಂಜಿನ್ ನಂಬರು ಆರ್‌ಸಿ ಪುಸ್ತಕಕ್ಕೆ ಹೊಂದುತ್ತಿಲ್ಲವಲ್ಲ, ಎಲ್ಲಿಯದೋ ಏನೋ" ಎಂದು ಹೇಳಿ ಹೊರಟುಹೋದರು. ಮೇಷ್ಟ್ರಿಗೆ ನೋವಾದದ್ದು ವ್ಯಾಪಾರ ಕೆಟ್ಟದ್ದಕ್ಕಲ್ಲ. "ನಮ್ಮಪ್ಪ ಕದ್ದ ಮಾಲು ಹಾಕಿಸಿದ್ದರು ಅಂದ ಹಾಗಾಯಿತಲ್ಲ ರಾಯರೇ" ಎಂದರು.

ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ವಾಹನ ಸಾಲದ ಕಾಗದಗಳನ್ನು ತಾಳೆ ನೋಡಿ ನೋಡಿ ಕಣ್ಣು ಸವೆಸಿಕೊಂಡ ಗುಮಾಸ್ತ. 7ನೇ ತರಗತಿಯ ಮೊಮ್ಮಗಳನ್ನೂ ಕರೆದುಕೊಂಡು ಹೋಗಿ ಬಾನೆಟ್ ಎತ್ತಿಸಿದೆ.

ಮಕ್ಕಳೇ, ಅಂಬಾಸಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಮೊದಮೊದಲು ಅದಕ್ಕಿದ್ದದ್ದು 1476 ಸಿಸಿಯ ಸೈಡ್ ವಾಲ್ವ್ ಎಂಜಿನ್. ವಾಲ್ವ್ ಎಂದರೆ ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆ ಬಿಟ್ಟು, ಹೊಗೆಯನ್ನು ಹೊರಗೆ ಕಳಿಸುವ ಬಾಗಿಲು. ಆ ಎಂಜಿನ್ನಿನಲ್ಲಿ ಬಾಗಿಲುಗಳು ಸಿಲಿಂಡರಿನ ಮಗ್ಗುಲಲ್ಲಿ. ಹಾಗಾಗಿ ಮೇಲ್ಭಾಗ ಚಪ್ಪಟೆ, ಅದರ ಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು ನೆಟ್ಟಗೆ ನಿಂತಿರುತ್ತವೆ. 1959ರಲ್ಲಿ ಬಂದ 1489 ಸಿಸಿ ಎಂಜಿನ್ನಿನಲ್ಲಿ ಬಾಗಿಲುಗಳು ತಲೆಯ ಮೇಲೆ. ಅವನ್ನು ಮುಚ್ಚಲು ಉದ್ದನೆಯ ತಗಡಿನ ಮುಚ್ಚಳ, ಪ್ಲಗ್ಗುಗಳು ಪಕ್ಕಕ್ಕೆ. (ಇದೇ ಮನೆತನದ ಎಂಜಿನ್ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅಂಬಾಸಡರ್ ಘಾಟಿ ಹತ್ತುವುದನ್ನು ಕಂಡ ನಾನು ಇದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.)

"ತಾತ, ಟಿಫನ್ ಡಬ್ಬಿ ಮುಚ್ಚಳದ ಥರ ಇದೆ. ಪ್ಲಗ್ಗು ಪಕ್ಕದಲ್ಲಿವೆ!" ಎಂದಳು ಮೊಮ್ಮಗಳು.

ಪ್ಲಗ್ಗೇ ಇಲ್ಲದೆ, ಪಂಪಿನಿಂದ ಸಣ್ಣ ಉಕ್ಕಿನ ಕೊಳವೆಗಳು ಹೊರಟಿದ್ದರೆ ಡೀಸೆಲ್ ಎಂದು ತಿಳಿಯಬೇಕು. ಇದು ಅದಲ್ಲ. 1990ರ ದಶಕದ 1817 ಸಿಸಿ ಇಸುಜು ಎಂಜಿನ್ ಕೂಡ ಅಲ್ಲ. ಹುಟ್ಟಿನ ಎಂಜಿನ್ ಅಂತೂ ಖಂಡಿತ ಅಲ್ಲ. ಮೇಷ್ಟ್ರ ಮುಖ ಇನ್ನಷ್ಟು ಸಣ್ಣದಾಯಿತು.

ಸೀಮೆಎಣ್ಣೆ ಬಟ್ಟೆಯಲ್ಲಿ ಎಂಜಿನ್ ನಂಬರಿನ ಮೇಲಿನ ಜಿಡ್ಡು ಒರೆಸಿದೆವು. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ, ನಾಣ್ಯದ ಅಚ್ಚು ತೆಗೆದ ಹಾಗೆ ಅಂಕಿಗಳು ಮೂಡುತ್ತವೆ. ಉಜ್ಜುವ ಕೆಲಸ ಮೊಮ್ಮಗಳದು. ಮೊದಲ ಕಾಗದ ಹರಿಯಿತು, ಎರಡನೆಯದರಲ್ಲಿ ನಂಬರು ಪೂರ್ತಿ ಬಂತು.

ಆರ್‌ಸಿ ಪುಸ್ತಕದ ಮೊದಲ ಪುಟದಲ್ಲಿದ್ದದ್ದು ಬೇರೆ ನಂಬರು. ಬಂದವರು ಅಷ್ಟನ್ನೇ ನೋಡಿದ್ದಾರೆ. ಆದರೆ ಸಾಲ ತೀರಿದ್ದು, ಮಾಲೀಕರು ಬದಲಾದದ್ದು, ಎಂಜಿನ್ ಬದಲಾದದ್ದು, ಎಲ್ಲವನ್ನೂ ಬರೆಯುವುದು ಹಿಂದಿನ ಪುಟಗಳಲ್ಲಿ. ಅಂಟಿಕೊಂಡಿದ್ದ ಎರಡು ಹಾಳೆಗಳನ್ನು ಮೆಲ್ಲಗೆ ಬಿಡಿಸಿದೆ. ನೇರಳೆ ಮೊಹರು, ಮಾಸಿದ ರುಜು, 1971ರ ತಾರೀಖು, ಎಂಜಿನ್ ಬದಲಾಯಿಸಿದ ನಮೂದು. ಮೊಮ್ಮಗಳು ಒಂದೊಂದೇ ಅಂಕಿ ಓದಿದಳು. ಮೇಷ್ಟ್ರು ಪೆನ್ಸಿಲ್ ಅಚ್ಚಿನ ಮೇಲೆ ಬೆರಳಿಟ್ಟುಕೊಂಡು ಬಂದರು. ಕೊನೆಯ ಅಂಕಿಯವರೆಗೂ ತಾಳೆಯಾಯಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ ಮೊಮ್ಮಗಳಿಗೆ ಎರಡು ಚಕ್ಕುಲಿ ತಂದುಕೊಟ್ಟರು. ಕೊಳ್ಳುವವರು ಭಾನುವಾರ ಮತ್ತೆ ಬರುತ್ತಾರಂತೆ. ಮೇಷ್ಟ್ರು ಇನ್ನೂ ಬೆಲೆ ಹೇಳಲು ಮನಸ್ಸು ಮಾಡಿಲ್ಲ.