ಗಡಿಗೆಯೋ ಗಿಂಡಿಯೋ: ಕಾರಿನ ಚಕ್ರ ಮತ್ತು ಗಾಳಿಯ ಲೆಕ್ಕ

ಈ ಸಭೆಯಲ್ಲಿ ವಾಹನ ಉದ್ಯಮದಲ್ಲಿರುವವರು ಸಾಕಷ್ಟು ಮಂದಿ ಇದ್ದೀರಿ. ಉಳಿದವರಿಗೂ ಬೇಸರವಾಗದಿರಲೆಂದು ಒಂದೇ ವಸ್ತುವನ್ನು ಹಿಡಿದು ಮಾತಾಡುತ್ತೇನೆ: ಕಾರಿನ ಚಕ್ರ. ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ, ಅಂದರೆ ಸಿಎಫ್‌ಡಿ ಮಾಡುವಾಗ, ತಿರುಗುವ ಭಾಗಗಳಿರುವ ಜಾಮೆಟ್ರಿಯನ್ನು ಹೇಗೆ ಸಿದ್ಧಪಡಿಸಬೇಕು ಎಂಬುದು ಇಂದಿನ ವಿಷಯ.

ಕಾರಿನ ಮೇಲಿನ ಗಾಳಿಯ ಎಳೆತದಲ್ಲಿ ಸುಮಾರು ಕಾಲುಭಾಗ ಚಕ್ರಗಳದ್ದು ಮತ್ತು ಚಕ್ರಗೂಡುಗಳದ್ದು ಎಂದು ನಮ್ಮ ಕ್ಷೇತ್ರದಲ್ಲಿ ಹೇಳುವುದುಂಟು. ಯುರೋಪಿನಲ್ಲಿ 2017ರ ಸೆಪ್ಟೆಂಬರಿನಲ್ಲಿ ಹೊಸ ಮಾದರಿಗಳಿಗೆ, ಮರುವರ್ಷ ಎಲ್ಲ ಹೊಸ ಕಾರುಗಳಿಗೆ ಡಬ್ಲ್ಯುಎಲ್‌ಟಿಪಿ ಪರೀಕ್ಷಾಕ್ರಮ ಬಂತು. ಅಲ್ಲಿಂದೀಚೆಗೆ ಗಿರಾಕಿ ಯಾವ ರಿಮ್ ಆರಿಸಿದ ಎಂಬುದೂ ಆ ಕಾರಿನ ಕಾರ್ಬನ್ ಡೈಆಕ್ಸೈಡ್ ಅಂಕಿಯನ್ನು ಬದಲಿಸಬಲ್ಲದು. ಜರ್ಮನಿಯಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ತೆರಿಗೆ ಆ ಅಂಕಿಯನ್ನೂ ನೋಡುತ್ತದೆ. ಹೀಗಾಗಿ ರಿಮ್ಮಿನ ಪ್ರತಿಯೊಂದು ಡಿಸೈನಿಗೂ ಲೆಕ್ಕ ಬೇಕು. ಆ ಲೆಕ್ಕಕ್ಕೆ ಮುಂಚಿನ ಕ್ಲೀನಪ್ ಕೆಲಸ ಎಷ್ಟೋ ಸಲ ಬೆಂಗಳೂರಿನ ತಂಡಕ್ಕೆ ಹೋಗುತ್ತದೆ. ಅದನ್ನು ಕೈಕೆಲಸ ಎಂದು ಹಗುರವಾಗಿ ಕಾಣುವವರಿದ್ದಾರೆ. ನನಗಂತೂ ಉತ್ತರದ ಅರ್ಧ ಅಲ್ಲೇ ನಿರ್ಧಾರವಾಗುತ್ತದೆ ಅನ್ನಿಸುತ್ತದೆ.

ಕುಂಬಾರನ ತಿಗರಿಯನ್ನು ನೆನಪಿಸಿಕೊಳ್ಳಿ. ಅದರ ಮೇಲೆ ನುಣುಪಾದ ಗಡಿಗೆ ತಿರುಗುತ್ತಿದ್ದರೆ ದೂರದಿಂದ ನೋಡುವವನಿಗೆ ಅದು ತಿರುಗುತ್ತಿದೆಯೋ ನಿಂತಿದೆಯೋ ಗೊತ್ತಾಗುವುದಿಲ್ಲ. ಅದೇ ಜಾಗದಲ್ಲಿ ಮೂತಿಯಿರುವ ಗಿಂಡಿ ಇಟ್ಟರೆ ತಕ್ಷಣ ಗೊತ್ತಾಗುತ್ತದೆ. ಗಾಳಿಗೂ ಇದೇ ವ್ಯತ್ಯಾಸ. ಗಡಿಗೆ ಗಾಳಿಯನ್ನು ಉಜ್ಜುತ್ತದೆ, ಗಿಂಡಿಯ ಮೂತಿ ಗಾಳಿಯನ್ನು ತಳ್ಳುತ್ತದೆ.

ಚಕ್ರದ ಬಿಡಿಭಾಗಗಳನ್ನು ಈ ಕಣ್ಣಿನಿಂದ ವಿಂಗಡಿಸೋಣ. ಟೈರಿನ ಮೈ, ಸುತ್ತಲೂ ಓಡುವ ಉದ್ದಗೀರುಗಳ ಸಮೇತ, ಗಡಿಗೆ. ರಿಮ್ಮಿನ ಒಳಗೋಡೆ ಗಡಿಗೆ. ಇವುಗಳಿಗೆ ಜಾಮೆಟ್ರಿಯಲ್ಲಿ ಏನೂ ಮಾಡಬೇಕಾಗಿಲ್ಲ. ಮೇಲ್ಮೈಗೆ ತಿರುಗುವ ವೇಗ ಕೊಟ್ಟರೆ ಸಾಕು. ಸ್ಪೋಕುಗಳು ಗಿಂಡಿ. ಅವುಗಳಿಗೂ ಬರೀ ಮೇಲ್ಮೈ ವೇಗ ಕೊಟ್ಟರೆ ಕೆಲವು ಸಾಫ್ಟ್‌ವೇರು ಗೋಡೆಗೆ ಲಂಬವಾದ ವೇಗವನ್ನು ಸದ್ದಿಲ್ಲದೆ ಕೈಬಿಡುತ್ತದೆ, ಆಗ ಸ್ಪೋಕು ಗಾಳಿಯನ್ನು ತಳ್ಳುವುದೇ ಇಲ್ಲ. ಕೆಲವು ಸಾಫ್ಟ್‌ವೇರು ಗೋಡೆಯೊಳಗಿಂದಲೇ ಗಾಳಿ ಊದಿಸುತ್ತದೆ. ಎರಡೂ ತಪ್ಪು, ಎರಡಕ್ಕೂ ಕೆಂಪಕ್ಷರದ ಎಚ್ಚರಿಕೆ ಬರುವುದಿಲ್ಲ. ಬಣ್ಣಬಣ್ಣದ ಚಿತ್ರ ಮಾತ್ರ ಚೆನ್ನಾಗಿಯೇ ಬರುತ್ತದೆ.

ಸ್ಪೋಕುಗಳ ಸುತ್ತ ಒಂದು ತಿರುಗುವ ವಲಯ ಬೇಕು. ಎಂಆರ್‌ಎಫ್ ಎಂಬ ಅಗ್ಗದ ವಿಧಾನದಲ್ಲಿ ಚಕ್ರ ಒಂದಿಂಚೂ ಕದಲುವುದಿಲ್ಲ. ಆ ವಲಯದೊಳಗಿನ ಸಮೀಕರಣಗಳನ್ನು ಮಾತ್ರ ತಿರುಗುವ ಚೌಕಟ್ಟಿನಲ್ಲಿ ಬರೆಯುತ್ತಾರೆ. ಸ್ಲೈಡಿಂಗ್ ಮೆಶ್‌ನಲ್ಲಿ ವಲಯ ನಿಜವಾಗಿಯೇ ತಿರುಗುತ್ತದೆ. 205/55 ಆರ್16 ಟೈರಿನ ವ್ಯಾಸ ಸುಮಾರು 632 ಮಿಲಿಮೀಟರ್. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 1,175 ಸುತ್ತು ಹಾಕುತ್ತದೆ. ಹೆಜ್ಜೆಗೊಂದು ಡಿಗ್ರಿಯಂತೆ ತಿರುಗಿಸಿದರೆ ಒಂದೊಂದು ಹೆಜ್ಜೆಯೂ ಸುಮಾರು 0.14 ಮಿಲಿಸೆಕೆಂಡ್. ಕಂಪ್ಯೂಟರ್ ಬಿಲ್ಲು ಎಷ್ಟಾಗಬಹುದೆಂದು ನೀವೇ ಊಹಿಸಿ. ಎಂಆರ್‌ಎಫ್‌ನಲ್ಲಾದರೆ ಸ್ಪೋಕು ಎಲ್ಲಿ ನಿಂತಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಆದ್ದರಿಂದ ಎರಡು ಮೂರು ಕೋನಗಳಲ್ಲಿ ಲೆಕ್ಕ ಹಾಕಿ ಸರಾಸರಿ ನೋಡುವುದು ಒಳ್ಳೆಯದು.

ಯಾವ ವಿಧಾನವಾದರೂ ವಲಯದ ಗೆರೆ ಎಳೆಯುವವರು ನಾವೇ. ನಿಯಮ ಎರಡೇ ವಾಕ್ಯ. ತಿರುಗುವ ಗಿಂಡಿ ಪೂರ್ತಿ ಒಳಗಿರಬೇಕು. ನಿಂತ ಗಿಂಡಿ ಪೂರ್ತಿ ಹೊರಗಿರಬೇಕು. ಗಡಿಗೆ ಎಲ್ಲಿದ್ದರೂ ನಡೆಯುತ್ತದೆ, ಅದರ ವೇಗವನ್ನು ಸರಿಯಾಗಿ ಬರೆದರಾಯಿತು.

ಕಷ್ಟ ಕೊಡುವುದು ಬ್ರೇಕ್ ಕ್ಯಾಲಿಪರ್. ಅದು ನಿಂತ ಗಿಂಡಿ, ಆದರೆ ರಿಮ್ಮಿನ ಹೊಟ್ಟೆಯೊಳಗೇ ಕೂತಿದೆ. ಕೆಲಸ ಬೇಗ ಮುಗಿಯಲೆಂದು ರಿಮ್ಮಿನೊಳಗೆಲ್ಲ ಒಂದು ಸಿಲಿಂಡರ್ ತುಂಬಿಬಿಟ್ಟರೆ ಕ್ಯಾಲಿಪರ್ ವಲಯದೊಳಗೆ ಬೀಳುತ್ತದೆ. ಓಪನ್‌ಫೋಮ್‌ನಲ್ಲಿ, ಹೊರಗಿಡಬೇಕೆಂದು ಹೆಸರು ಹಿಡಿದು ಹೇಳದ ಹೊರತು, ವಲಯದೊಳಗಿನ ಗೋಡೆಗಳೆಲ್ಲ ತಿರುಗುತ್ತವೆ ಎಂದೇ ಲೆಕ್ಕ. ಹೆಸರು ಹೇಳಿದರೂ ಎಂಆರ್‌ಎಫ್‌ನಲ್ಲಿ ಕ್ಯಾಲಿಪರಿನ ಸುತ್ತಲಿನ ಹರಿವು ಸರಿಹೋಗುವುದಿಲ್ಲ, ಏಕೆಂದರೆ ಅದರ ಆಕಾರ ಗಿಂಡಿಯದು. ಸ್ಲೈಡಿಂಗ್ ಮೆಶ್‌ನಲ್ಲಂತೂ ಕ್ಯಾಲಿಪರೇ ಸುತ್ತಲು ಹೊರಡುತ್ತದೆ. ಆದ್ದರಿಂದ ವಲಯವನ್ನು ಸ್ಪೋಕುಗಳಷ್ಟೇ ದಪ್ಪದ ತಟ್ಟೆಯಂತೆ ಮಾಡಬೇಕು. ಸ್ಪೋಕುಗಳ ಅಡ್ಡಕೊಯ್ತದ ಹೊರಗೆರೆಯನ್ನು ಕಾಗದದ ಮೇಲೆ ಬರೆದಂತೆ ಬರೆದು, ಅದನ್ನು ಅಕ್ಷದ ಸುತ್ತ ತಿರುಗಿಸಿ ಮೇಲ್ಮೈ ಪಡೆಯಿರಿ. ಅದರ ಅಂಚು ರಿಮ್ಮಿನ ಗಡಿಗೆಭಾಗದ ಮೇಲೆ ಬಂದು ನಿಲ್ಲಲಿ. ಸ್ಪೋಕಿಗೂ ಕ್ಯಾಲಿಪರಿಗೂ ನಡುವಿನ ಸಂದು ಕೆಲವೇ ಮಿಲಿಮೀಟರ್ ಇರುತ್ತದೆ. ಗೆರೆ ಅದರ ಮಧ್ಯದಲ್ಲಿ ಹಾದು, ಎರಡೂ ಬದಿಗೆ ಮೂರು ನಾಲ್ಕು ಸೆಲ್ ಹಿಡಿಸುವಂತಿರಬೇಕು. ಹೊರಮುಖದ ಕಡೆ ವಲಯವನ್ನು ಉಬ್ಬಿಸಬೇಡಿ. ಕಾರಿನ ಪಕ್ಕದಲ್ಲಿ ಅಡ್ಡ ಹಾಯುವ ಗಾಳಿ ವಲಯದೊಳಗೆ ಸಿಕ್ಕಿದರೆ ಎಂಆರ್‌ಎಫ್ ಅದನ್ನೂ ಕೆಡಿಸುತ್ತದೆ.

ಬ್ರೇಕ್ ಡಿಸ್ಕ್ ಸಪಾಟಾಗಿದ್ದರೆ ಗಡಿಗೆ. ನಡುವೆ ಗಾಳಿಕಿಂಡಿಗಳಿರುವ ಡಿಸ್ಕಾದರೆ ಆ ಕಿಂಡಿಗಳಿಗೆ ಬೇರೆಯದೇ ಸಣ್ಣ ವಲಯ ಬೇಕು.

ಟೈರು ನೆಲ ಮುಟ್ಟುವ ಜಾಗದಲ್ಲಿ ಇನ್ನೊಂದು ತೊಡಕು. ದುಂಡು ಟೈರಿಗೂ ಸಮತಟ್ಟು ನೆಲಕ್ಕೂ ನಡುವಿನ ಸಂದು ಕಿರಿದಾಗುತ್ತ ಶೂನ್ಯಕ್ಕಿಳಿಯುತ್ತದೆ. ಅಲ್ಲಿ ಮೆಶ್ ಸೂಜಿಮೊನೆಯಾಗಿ ಕೆಡುತ್ತದೆ. ಟೈರನ್ನು ನೆಲದೊಳಕ್ಕೆ ಕೆಲವು ಮಿಲಿಮೀಟರ್ ಅದುಮಿ, ಇಲ್ಲವೆ ಸುತ್ತ ಸಣ್ಣ ಕಟ್ಟೆ ಕಟ್ಟಿ ಆ ಮೊನೆಯನ್ನು ಮುಚ್ಚುತ್ತಾರೆ. ಟೈರು ನೆಲಕ್ಕೆ ಅಂಟಿರುವುದರಿಂದಲೇ ಅದನ್ನು ಸ್ಲೈಡಿಂಗ್ ವಲಯಕ್ಕೆ ಸೇರಿಸಲಾಗದು.

ಅಕ್ಷದ ವಿಚಾರ. ಚಕ್ರಗಳು ನೇರವಾಗಿ ನಿಂತಿರುವುದಿಲ್ಲ. ಕ್ಯಾಂಬರ್, ಟೋ ಎಂದು ಸ್ವಲ್ಪ ಓರೆಯಿರುತ್ತವೆ. ಕಾರಿನ ಅಡ್ಡ ಅಕ್ಷವನ್ನೇ ಚಕ್ರದ ಅಕ್ಷವೆಂದು ಕೊಟ್ಟರೆ ಗಡಿಗೆ ಕೂಡ ಗಿಂಡಿಯಂತೆ ಓಲಾಡುತ್ತದೆ. ಕೇಂದ್ರವನ್ನೂ ದಿಕ್ಕನ್ನೂ ಆಯಾ ರಿಮ್ಮಿನ ವೃತ್ತದಿಂದಲೇ ತೆಗೆಯಿರಿ, ನಾಲ್ಕಕ್ಕೂ ಬೇರೆಬೇರೆಯಾಗಿ. ಎಡಚಕ್ರವನ್ನು ಮಿರರ್ ಮಾಡಿ ಬಲಚಕ್ರ ಮಾಡುವಾಗ ಅಕ್ಷದ ಬಾಣವೂ ಮಗುಚುತ್ತದೆ. ತಿರುಗುವ ಚಿಹ್ನೆ ಹಾಗೆಯೇ ಉಳಿದರೆ ಒಂದು ಬದಿಯ ಚಕ್ರಗಳು ಹಿಂದಕ್ಕೆ ಓಡುತ್ತವೆ.

ಕ್ಲೀನಪ್‌ಗೆ ಕಳಿಸುವಾಗ ಬರೀ ಕ್ಯಾಡ್ ಫೈಲ್ ಕಳಿಸಬೇಡಿ. ಯಾವ ಭಾಗ ತಿರುಗುತ್ತದೆ, ಯಾವುದು ನಿಂತಿದೆ, ಕಾರು ಎಷ್ಟು ಭಾರ ಹೊತ್ತಾಗಿನ ಎತ್ತರ ಬೇಕು ಎಂದು ಒಂದು ಪುಟ ಬರೆದು ಜೊತೆಗಿಡಿ. ಫೈಲ್ ವಾಪಸು ಬಂದಮೇಲೆ ಪೂರ್ತಿ ಲೆಕ್ಕಕ್ಕೆ ಹಚ್ಚುವ ಮೊದಲು ಒಂದೇ ಒಂದು ಹೆಜ್ಜೆ ಓಡಿಸಿ, ಎಲ್ಲ ಗೋಡೆಗಳ ವೇಗದ ಚಿತ್ರ ತೆಗೆಯಿರಿ. 140 ಕಿಲೋಮೀಟರ್ ವೇಗಕ್ಕೆ ಟೈರಿನ ತಳದಲ್ಲಿ ಸೆಕೆಂಡಿಗೆ ಸುಮಾರು 38.9 ಮೀಟರ್, ನೆಲದ ಜೊತೆಗೇ ಹಿಂದಕ್ಕೆ. ತುದಿಯಲ್ಲಿ ಅಷ್ಟೇ ವೇಗ, ಮುಂದಕ್ಕೆ. ಕ್ಯಾಲಿಪರಿನ ಮೇಲೆ ಸೊನ್ನೆ. ನಾಲ್ಕು ಚಕ್ರಗಳನ್ನೂ ನೋಡಿ, ಮಿರರ್ ಮಾಡಿದ ಬದಿಯಿಂದ ಶುರುಮಾಡಿ.